ಸೊಂಟದ ಚೂರಿ

ಕೇಣಿ, ಅಂಕೋಲಾ
10 ಆಗಸ್ಟ್ 2025

ಸಂದೇಶನಿಗೆ ಆಯಿಯ ಆಶೀರ್ವಾದ.

ನಿನ್ನ ಸಂಗಡ ನಾನು ಮಾತು ಬಿಟ್ಟಿದ್ದೇನೆ. ಅದು ನಿನಗೂ ಗೊತ್ತು, ಇಡೀ ಕೇಣಿಗೂ ಗೊತ್ತು. ಶಿರವಾಡದ ಪೆಟ್ರೋಲ್ ಪಂಪಿನ ನೌಕರಿ ಬಿಟ್ಟು ನೀನು ಬೋಟು ಹತ್ತಿದ ದಿನ ದೇವರ ಮುಂದೆ ನಿಂತು ಹೇಳಿದ್ದೇನೆ, ಇವನು ಬೋಟಿನಿಂದ ಇಳಿಯುವವರೆಗೆ ಇವನೊಡನೆ ಮಾತಿಲ್ಲ ಎಂದು. ಫೋನಿನಲ್ಲಿ ಆಡುವುದೂ ಮಾತೇ. ಆದರೆ ಬರೆಯುವುದಿಲ್ಲ ಎಂದು ನಾನು ದೇವರಿಗೆ ಹೇಳಿಲ್ಲ. ನಾಗು ದಿನಾ ಬೆಳಿಗ್ಗೆ ಮೀನು ತರಲು ಬೈತಖೋಲಕ್ಕೆ ಬರುತ್ತಾಳಲ್ಲ, ಅವಳ ಬುಟ್ಟಿಯಲ್ಲಿ ಈ ಕಾಗದ ಬರುತ್ತದೆ. ಬಂಗಡೆಯ ವಾಸನೆ ಹೊಡೆದರೆ ಮೂಗು ಮುಚ್ಚಿಕೊಂಡು ಓದು.

ನಿಮ್ಮ ಅಪ್ಪ ಸಮುದ್ರಕ್ಕೆ ಹೋದಷ್ಟು ಸಲವೂ ತಿರುಗಿ ಬಂದರು. ಕೊನೆಗೆ ಹೋದದ್ದು ಹಾಸಿಗೆಯ ಮೇಲೆ, ಜ್ವರ ಬಂದು. ಆದರೂ ನನ್ನ ಸಿಟ್ಟೆಲ್ಲ ಸಮುದ್ರದ ಮೇಲೆಯೇ. ಅವರ ದಾರಿ ಕಾಯುತ್ತ ದಂಡೆಯ ಮೇಲೆ ಕುಳಿತ ಸಂಜೆಗಳು ಎಷ್ಟೆಂದು ನಿನಗೆ ತಿಳಿಯದು. ಇನ್ನೊಬ್ಬರಿಗಾಗಿ ಹಾಗೆ ಕಾಯುವ ತ್ರಾಣ ನನಗಿಲ್ಲ. ನಿನ್ನನ್ನು ಬೋಟಿಗೆ ಕರೆದುಕೊಂಡು ಹೋದವನು ನಿನ್ನ ಭಾವ ಕಿಶೋರ. ಅಳಿಯನ ಸಂಗಡ ಮಾತು ಬಿಟ್ಟರೆ ನಿನ್ನ ಅಕ್ಕ ಪ್ರಗತಿಯ ಮುಖ ನೋಡುವುದು ಹೇಗೆ? ಹಾಗಾಗಿ ಅವನ ಪಾಲಿನ ಸಿಟ್ಟನ್ನೂ ನಿನ್ನ ಮೇಲೆಯೇ ತೀರಿಸುತ್ತಿದ್ದೇನೆ.

ಈಗ ವಿಷಯ. ನೀನು ತರಿಸಲು ಹೊರಟ ಚೂರಿಯ ಚಿತ್ರವನ್ನು ಪ್ರಗತಿ ಮೊಬೈಲಿನಲ್ಲಿ ತೋರಿಸಿದಳು. ಕಪ್ಪು ಬಣ್ಣ, ಬೆನ್ನಿಗೆ ಗರಗಸ, ಹಿಡಿಯ ತುದಿಗೆ ದಿಕ್ಸೂಚಿ, ಹಿಡಿಯ ಹೊಟ್ಟೆಯೊಳಗೆ ಬೆಂಕಿಕಡ್ಡಿ ಮತ್ತು ಗಾಳ. ಕಾಡಿನಲ್ಲಿ ದಾರಿ ತಪ್ಪಿದರೂ ಬದುಕಬಹುದು ಎಂದು ಕೆಳಗೆ ಬರೆದಿತ್ತು. ನೀನು ಹೋಗುವುದು ಕಾಡಿಗಲ್ಲ. ದಿಕ್ಕು ನೋಡಲು ಬೋಟು ನಡೆಸುವ ತಾಂಡೇಲನಿದ್ದಾನೆ, ಮೀನು ಹಿಡಿಯಲು ಬೋಟಿನ ತುಂಬ ಬಲೆ ಇದೆ. ಅಲ್ಲಿ ಚೂರಿ ನಿಜವಾಗಿ ಬೇಕಾಗುವುದು ಒಂದೇ ಕೆಲಸಕ್ಕೆ, ಕೈಗೋ ಕಾಲಿಗೋ ಹಗ್ಗ ಸುತ್ತಿಕೊಂಡರೆ ಕತ್ತರಿಸಲು. ಉಳಿದದ್ದೆಲ್ಲ ಈರುಳ್ಳಿ ಹೆಚ್ಚುವುದು. ಆ ಆಟಿಕೆಯನ್ನು ತರಿಸಬೇಡ.

ಮಾತು ಬಿಟ್ಟ ನಿನ್ನ ಆಯಿ,
ಮಾದೇವಿ


ಬೈತಖೋಲ, ಕಾರವಾರ
14 ಆಗಸ್ಟ್ 2025

ಆಯಿಗೆ ನಮಸ್ಕಾರ.

ಮಾತು ಬಿಟ್ಟ ಮೇಲೆ ನೀನು ಮೊದಲಿಗಿಂತ ಹೆಚ್ಚು ಮಾತಾಡುತ್ತಿದ್ದೀಯ. ಭಾವ ನಿನ್ನ ಕಾಗದ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ಹೀಗೇ ಮಾತು ಬಿಟ್ಟಿರಲಿ ಎಂದು ಅವರ ಆಸೆ.

ಆ ಕಪ್ಪು ಚೂರಿ ತರಿಸುವುದಿಲ್ಲ. ಕಾರವಾರದ ಪೇಟೆಯಲ್ಲಿ ಒಂದು ಮಡಚುವ ಚೂರಿ ತೆಗೆದುಕೊಂಡಿದ್ದೆ. ಕಿಸೆಯಲ್ಲಿ ಕೂರುತ್ತದೆ, ಬಸ್ಸಿನಲ್ಲಿ ಪಕ್ಕದವರು ಹೆದರುವುದಿಲ್ಲ. ಭಾವ ಅದನ್ನು ತಿರುಗಿಸಿ ನೋಡಿದರು. ನನ್ನ ಎಡಗೈಯನ್ನು ಹಗ್ಗದಿಂದ ಕಂಬಕ್ಕೆ ಕಟ್ಟಿ, ಮೇಲಿನಿಂದ ಒಂದು ಬಕೆಟ್ ಉಪ್ಪುನೀರು ಸುರಿದು, ಈಗ ಚೂರಿ ತೆಗೆದು ಬಿಡಿಸಿಕೋ ಎಂದರು. ಒಂದೇ ಕೈಯಲ್ಲಿ, ಅದೂ ಒದ್ದೆ ಕೈಯಲ್ಲಿ, ಅದು ಬಿಚ್ಚಲೇ ಇಲ್ಲ. ಹಲ್ಲಿನಿಂದ ಎಳೆಯಲು ಹೋಗಿ ತುಟಿ ಕೊಯ್ದುಕೊಂಡೆ. ಬೋಟಿನವರೆಲ್ಲ ಸುತ್ತ ನಿಂತು ನಗುತ್ತಿದ್ದರು. ಭಾವ ಮಾತ್ರ ನಗಲಿಲ್ಲ. ಹಗ್ಗ ಬಿಚ್ಚುತ್ತ ಹೇಳಿದರು, "ಚೂರಿ ಸುದ್ದಿ ನಮ್ಮತ್ರೆ ಕೇಳ್ಬೇಡ, ನಿಮ್ಮ ಆಯಿ ಹತ್ರ ಕೇಳು. ನಾವೆಲ್ಲಾ ಸೇರಿ ಕೊಯ್ದದ್ದಕ್ಕಿಂತಾ ಜಾಸ್ತಿ ಅವ್ರೊಬ್ರೇ ಕೊಯ್ದಿದ್ರು."

ಅದಕ್ಕೇ ಕೇಳುತ್ತಿದ್ದೇನೆ. ಯಾವ ಚೂರಿ ಇಟ್ಟುಕೊಳ್ಳಲಿ?

ನೌಕರಿಯ ವಿಷಯ ಇನ್ನು ಎತ್ತಬೇಡ ಆಯಿ. ಬೇರೆಯವರ ಗಾಡಿಗೆ ಎಣ್ಣೆ ತುಂಬಿಸಿ ಕಳಿಸುತ್ತ ನಾನು ಮಾತ್ರ ನಿಂತಲ್ಲೇ ನಿಂತಿರುತ್ತಿದ್ದೆ. ಇಲ್ಲಿ ಮೈ ನೋಯುತ್ತದೆ, ಆದರೆ ನಿದ್ದೆ ಬರುತ್ತದೆ.

ನಿನ್ನ
ಸಂದೇಶ


ಕೇಣಿ
2 ಸೆಪ್ಟೆಂಬರ್ 2025

ಸಂದೇಶಾ,

ಚೂರಿ ಕಳಿಸಿದ್ದೇನೆ. ಅಂಕೋಲೆಯ ಆಚಾರಿಯ ಎದುರು ಕುಳಿತು ಮಾಡಿಸಿದ್ದು. ಮೀನು ಕೊಯ್ಯುವ ನನ್ನ ಮೆಟ್ಟುಗತ್ತಿಗೆ ಅಲಗು ಹಾಕಿಕೊಟ್ಟವನೂ ಅವನೇ, ನನ್ನ ಬಾಯಿಗೆ ಹೆದರಿ ಒಳ್ಳೆಯ ಕಬ್ಬಿಣವನ್ನೇ ಹಾಕಿದ್ದಾನೆ.

ಅಲಗು ಉದ್ದ ಇಲ್ಲವೆಂದು ಮುಖ ಸಣ್ಣ ಮಾಡಬೇಡ. ಉದ್ದ ಅಲಗು ನೋಡಲು ಚಂದ, ಹೊಯ್ದಾಡುವ ಬೋಟಿನಲ್ಲಿ ಮೊದಲು ಕೊಯ್ಯುವುದು ಇಟ್ಟುಕೊಂಡವನ ತೊಡೆಯನ್ನೇ. ತುದಿಯನ್ನು ಬೇಕೆಂದೇ ಮೊಂಡು ಮಾಡಿಸಿದ್ದೇನೆ, ಹಗ್ಗ ಕತ್ತರಿಸಲು ತುದಿ ಬೇಡ, ಅಲಗಿನ ಬಾಯಿ ಬೇಕು. ಹಿಡಿ ದಪ್ಪವಿದೆ, ಮೀನಿನ ಲೋಳೆ ಹತ್ತಿದ ಕೈಯಿಂದಲೂ ಜಾರುವುದಿಲ್ಲ. ಮಡಚುವುದು, ಬಿಚ್ಚುವುದು ಏನೂ ಇಲ್ಲ, ಒರೆಯಿಂದ ಎಳೆದರೆ ಸಾಕು. ಸ್ಟೀಲಿನದು ಮಾಡಿಸಿದ್ದರೆ ತುಕ್ಕು ಹಿಡಿಯುತ್ತಿರಲಿಲ್ಲ, ಆದರೆ ಮೊಂಡಾದರೆ ನಿನ್ನ ಕೈಯಲ್ಲಿ ಹರಿತವಾಗುವುದಿಲ್ಲ. ಇದನ್ನು ದಿನಾ ಸಂಜೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ತೆಂಗಿನೆಣ್ಣೆ ಸವರು. ಬೇಸರ ಮಾಡಬೇಡ. ಒರೆಯನ್ನು ಬಲಗಡೆ ಸೊಂಟಕ್ಕೆ ಕಟ್ಟು. ಬೋಟಿನಲ್ಲಿರಲಿ, ಬೋಟು ಕಟ್ಟುವ ಧಕ್ಕೆಯ ಮೇಲಿರಲಿ, ಸೊಂಟ ಬಿಟ್ಟು ಅದು ಕದಲಬಾರದು.

ನಾಗು ಅದನ್ನು ನಿನ್ನ ಕೈಗೆ ಕೊಡುವುದಿಲ್ಲ. ಕಟ್ಟೆಯ ಮೇಲೆ ಇಡುತ್ತಾಳೆ, ನೀನು ಎತ್ತಿಕೋ. ಯಾರಿಗೇ ಕೊಡುವುದಿದ್ದರೂ ಹಾಗೆಯೇ ಕೆಳಗೆ ಇಟ್ಟು ಕೊಡು. ಕೈಯಿಂದ ಕೈಗೆ ಚೂರಿ ಹೋದರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಮನಸ್ಸು ಮುರಿಯುತ್ತದೆ. ಚಿಕ್ಕಂದಿನಲ್ಲಿ ಇದಕ್ಕಾಗಿ ನಿನ್ನ ಕೈಗೆ ಎಷ್ಟು ಸಲ ಹೊಡೆದಿದ್ದೇನೆ, ನೆನಪಿರಲಿ. ಬೇರೆಯವರ ಸಂಗಡ ಜಗಳವಾದರೆ ಆಗಲಿ, ಕಿಶೋರನ ಸಂಗಡ ಆಗಬಾರದು. ಒಂದೇ ಬೋಟು, ಒಂದೇ ಮನೆ.

ಇನ್ನೊಂದು ಸುದ್ದಿ. ಪ್ರಗತಿಗೆ ಬಸಿರು ನಿಂತಿದೆ. ಕಿಶೋರನಿಗೆ ಗೊತ್ತು, ನಿನಗೆ ಹೇಳಲು ನಾಚಿಕೆಯಂತೆ. ನನ್ನ ಅಳಿಯನಿಗೆ ನಾಚಿಕೆ ಎಂಬುದು ಇದೆಯೆಂದು ನನಗೂ ಈಗಲೇ ತಿಳಿದದ್ದು.

ಆಯಿ,
ಮಾದೇವಿ


ಬೈತಖೋಲ
20 ಸೆಪ್ಟೆಂಬರ್ 2025

ಆಯಿ,

ಚೂರಿ ನೋಡಿ ಭಾವನಿಗೆ ಹೊಟ್ಟೆಕಿಚ್ಚು. ತಮ್ಮದು ಹಳೆಯದು, ಅಂಗಿಯ ಕಿಸೆಯಲ್ಲಿ ಹಾಕಿ ಅಂಗಿಯನ್ನೇ ಎಲ್ಲೋ ನೇತುಹಾಕುತ್ತಾರೆ. ದಿನಕ್ಕೆ ಹತ್ತು ಸಲ ನನ್ನದನ್ನೇ ಕೇಳುತ್ತಾರೆ. ಬಲೆಯ ನೂಲು ಕತ್ತರಿಸಲು, ಐಸಿನ ಚೀಲ ಬಿಚ್ಚಲು, ಸಾರಿಗೆ ಈರುಳ್ಳಿ ಹೆಚ್ಚಲು. ನಾನು ಹಲಗೆಯ ಮೇಲೆ ಇಡುತ್ತೇನೆ, ಅವರು ಎತ್ತಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಅವರು ಇಡುತ್ತಾರೆ, ನಾನು ಎತ್ತಿಕೊಳ್ಳುತ್ತೇನೆ. ನಮ್ಮಲ್ಲಿ ಒಡಿಶಾದಿಂದ ಬಂದ ಒಬ್ಬ ಇದ್ದಾನೆ, ಅವನಿಗೆ ಇದೆಲ್ಲ ಗೊತ್ತಿಲ್ಲ. ಮೊನ್ನೆ ಚೂರಿಯನ್ನು ಸೀದಾ ಭಾವನ ಕೈಗೆ ಹಿಡಿದ. ಭಾವ ಕೈ ಹಿಂದಕ್ಕೆ ಎಳೆದುಕೊಂಡು, ನನ್ನ ಸಂಗಡ ಏನು ವೈರ ಮಾರಾಯಾ ಎಂದು ಕೇಳಿದರು. ಅವನಿಗೆ ಅರ್ಥವೇ ಆಗಲಿಲ್ಲ.

ಮಗುವಿನ ಸುದ್ದಿ ಈಗ ನಾಚಿಕೆ ಬಿಟ್ಟು ಹೇಳುತ್ತಿದ್ದಾರೆ, ಕೇಳದವರಿಗೂ ಹೇಳುತ್ತಿದ್ದಾರೆ. ಹೆಣ್ಣಾದರೆ ನಿನ್ನ ಬಾಯಿ ಬಾರದಿರಲಿ ಎಂದು ಅವರ ಪ್ರಾರ್ಥನೆ.

ದೀಪಾವಳಿಗೆ ಇಬ್ಬರೂ ಬರುತ್ತೇವೆ. ನನ್ನೊಡನೆ ಮಾತಾಡದಿದ್ದರೂ ಅಡ್ಡಿಯಿಲ್ಲ, ಬಡಿಸಿದರೆ ಸಾಕು.

ನಿನ್ನ
ಸಂದೇಶ


ಕೇಣಿ
29 ಅಕ್ಟೋಬರ್ 2025

ಸಂದೇಶಾ,

ನನ್ನ ಹರಕೆಯನ್ನು ನಾನೇ ಮುರಿದೆ. ಸುದ್ದಿ ಬಂದ ದಿನ ಬೈತಖೋಲದ ಧಕ್ಕೆಯ ಮೇಲೆ ಅಷ್ಟು ಜನರ ಎದುರು ನಿನ್ನ ಹೆಸರು ಹಿಡಿದು ಕೂಗಿದೆ. ನೀನು ತಿರುಗಿ ನೋಡಿದೆ, ಮತ್ತೆ ಬೋಟಿನ ಒಳಗೆ ಹೋದೆ. ಈಗ ಮಾತು ಬಿಟ್ಟವನು ನೀನು. ನಿನ್ನ ಫೋನು ಬಂದ್ ಆಗಿದೆ. ಮನೆಗೂ ಬರಲಿಲ್ಲ, ದೀಪಾವಳಿ ಹಾಗೆಯೇ ಕಳೆದುಹೋಯಿತು.

ಬೋಟಿನವರು ಹೇಳಿದ್ದಷ್ಟೇ ನಮಗೆ ಗೊತ್ತು. ಬಲೆ ಬಿಡುವಾಗ ಕಿಶೋರನ ಕಾಲಿಗೆ ಹಗ್ಗ ಸುತ್ತಿಕೊಂಡಿತು, ಅವನು ಚೂರಿ ಕೇಳಿದ, ನಿನ್ನ ಚೂರಿ ಕೈತಪ್ಪಿ ನೀರಿಗೆ ಬಿತ್ತು, ಹಗ್ಗ ಅವನನ್ನು ಎಳೆದುಕೊಂಡು ಹೋಯಿತು. ಬಲೆ ಮೇಲೆ ಎಳೆದಾಗ ಅದರಲ್ಲಿ ಅವನಿರಲಿಲ್ಲ. ಹುಡುಕುವವರು ಹುಡುಕಿ ಕೈಬಿಟ್ಟರು. ನಮ್ಮ ಕಡೆಯ ದೋಣಿಗಳು ಇನ್ನೂ ಕಣ್ಣಿಟ್ಟುಕೊಂಡೇ ಹೋಗುತ್ತವೆ. ಸಂಜೆ ಬಂದವರು ನಮ್ಮ ಮನೆಯ ಎದುರು ಹಾದುಹೋಗುವಾಗ ತಲೆ ತಗ್ಗಿಸುತ್ತಾರೆ, ಅದರಿಂದಲೇ ನಮಗೆ ತಿಳಿಯುತ್ತದೆ.

ಪ್ರಗತಿ ಅಳುವುದಿಲ್ಲ. ದೇಹ ಸಿಗದೆ ಯಾವ ಕ್ರಿಯೆಯೂ ಬೇಡ ಎನ್ನುತ್ತಾಳೆ. ತಾಳಿಗೆ ಯಾರೂ ಕೈ ಹಾಕಬಾರದಂತೆ. ಊಟಕ್ಕೆ ಕುಳಿತವಳು ಮಧ್ಯದಲ್ಲಿ ನಿಲ್ಲಿಸಿ ಒಂದೇ ಮಾತು ಹೇಳುತ್ತಾಳೆ, "ಚೂರಿ ಸಂದೇಶನ ಕೈಲೇ ಇತ್ತಂತಲ್ಲ ಆಯಿ. ಕೈಲೇ ಇತ್ತಂತಲ್ಲ."

ನಾನು ಏನು ಹೇಳಲಿ ಅವಳಿಗೆ? ದಪ್ಪ ಹಿಡಿ, ಜಾರುವುದಿಲ್ಲ ಎಂದು ಮಾಡಿಸಿ ಕಳಿಸಿದವಳು ನಾನು. ಅದು ಹೇಗೆ ಜಾರಿತು ಸಂದೇಶಾ? ಬೈಯಲು ಕೇಳುತ್ತಿಲ್ಲ. ನೀನು ಒಬ್ಬನೇ ಅದನ್ನು ಹೊತ್ತುಕೊಂಡು ಅಲ್ಲಿ ಕುಳಿತಿದ್ದೀಯ ಎಂದು ನನಗೆ ಭಯ. ಮನೆಗೆ ಬಾ.

ಆಯಿ


ಕೇಣಿ
9 ನವೆಂಬರ್ 2025

ಸಂದೇಶಾ,

ಕಾಗದ ಮುಟ್ಟಿದೆ, ನೀನು ಓದಿದ್ದೀಯ, ನಾಗು ನೋಡಿದ್ದಾಳೆ. ಉತ್ತರವಿಲ್ಲ.

ನಾಗು ಇನ್ನೂ ಒಂದು ಹೇಳಿದಳು. ಹೇಳಬಾರದೆಂದುಕೊಂಡು ಬಂದವಳು, ನನ್ನ ಮುಖ ನೋಡಿ ಹೇಳಿಬಿಟ್ಟಳು. ನೀನು ಮತ್ತೆ ಸಮುದ್ರಕ್ಕೆ ಹೋಗುತ್ತಿದ್ದೀಯಂತೆ. ಸೊಂಟದಲ್ಲಿ ಚೂರಿ ಇಲ್ಲವಂತೆ. ಬಲೆ ಬಿಡುವ ಹೊತ್ತಿಗೆ ಬೇಕೆಂದೇ ಹಗ್ಗದ ಸುರುಳಿಯ ನಡುವೆ ಹೋಗಿ ನಿಲ್ಲುತ್ತೀಯಂತೆ. ತಾಂಡೇಲ ಕಾಲರು ಹಿಡಿದು ಆಚೆ ಎಳೆದು ಕೆನ್ನೆಗೆ ಹೊಡೆದನಂತೆ. ಅವನ ಕೈ ತಣ್ಣಗಿರಲಿ. ಆದರೆ ದಿನಾ ನಿನ್ನ ಹಿಂದೆಯೇ ನಿಲ್ಲಲು ಆಗುತ್ತದೆಯೇ, ಅವನಿಗೆ ಬೋಟು ನಡೆಸುವ ಕೆಲಸವೂ ಇದೆ.

ಮೊನ್ನೆ ನಾಗುವಿನ ಬುಟ್ಟಿಯಲ್ಲಿ ಇನ್ನೊಂದು ಚೂರಿ ಕಳಿಸಿದ್ದೆ. ಅವಳು ಕಟ್ಟೆಯ ಮೇಲೆ ಇಟ್ಟಳು, ನೀನು ಅದನ್ನು ನೋಡುತ್ತಲೇ ನಿಂತೆಯಂತೆ, ಎತ್ತಿಕೊಳ್ಳಲಿಲ್ಲ. ಮೀನಿನ ಜೊತೆ ಅದು ತಿರುಗಿ ಬಂತು.

ಆ ಚೂರಿ ಬೇಡವೇ? ಬೇಡ. ಮಡಚುವುದನ್ನೇ ಇಟ್ಟುಕೋ. ನಾನು ಆಟಿಕೆ ಎಂದ ಆ ಕಪ್ಪು ಚೂರಿಯನ್ನೇ ತರಿಸು, ದಿಕ್ಸೂಚಿ ಇರಲಿ, ಗರಗಸ ಇರಲಿ, ಬೆಂಕಿಕಡ್ಡಿ ಇರಲಿ, ನಾನು ಬಾಯಿ ಬಿಡುವುದಿಲ್ಲ. ಮುರುಕು ಬ್ಲೇಡಾದರೂ ಸರಿ, ಏನಾದರೊಂದು ಸೊಂಟಕ್ಕೆ ಸಿಕ್ಕಿಸಿಕೋ. ಚೂರಿ ಇಲ್ಲದೆ ಆ ಹಗ್ಗದ ಹತ್ತಿರ ಹೋಗುವವನು ಏನು ಮಾಡಲು ಹೋಗುತ್ತಿದ್ದಾನೆಂದು ನನಗೆ ತಿಳಿಯುವುದಿಲ್ಲವೇ? ಹೆತ್ತವಳಿಗೆ ಬೇಡುವುದನ್ನು ಕಲಿಸಬೇಡ ಸಂದೇಶಾ. ಆದರೂ ಬೇಡುತ್ತಿದ್ದೇನೆ.

ಆಯಿ


ಬೈತಖೋಲ
15 ನವೆಂಬರ್ 2025

ಆಯಿ,

ಚೂರಿ ಕೈತಪ್ಪಿ ಬೀಳಲಿಲ್ಲ. ಬೋಟಿನವರು ಸರಿಯಾಗಿ ನೋಡಿರಲಿಲ್ಲ, ನನ್ನ ಮೇಲಿನ ಮರುಕದಿಂದ ಹಾಗೆ ಹೇಳಿದರು. ನಾನು ಹೌದೆಂದೆ.

ಬಂಗಡೆಯ ಹಿಂಡು ಕಂಡಿತ್ತು, ಬಲೆ ಬಿಡುತ್ತಿದ್ದೆವು. ಹಗ್ಗ ಓಡುತ್ತಿತ್ತು. ಭಾವನ ಕಾಲು ಅದರ ಸುತ್ತಿನೊಳಗೆ ಹೋಯಿತು. ಬದಿಯ ಕಬ್ಬಿಣದ ಕಂಬವನ್ನು ಅವರು ಒಂದು ಕೈಯಿಂದ ಅಪ್ಪಿ ಹಿಡಿದುಕೊಂಡರು. ತಾಂಡೇಲ ಇಂಜಿನ್ ನಿಲ್ಲಿಸಿದರೂ ಬೋಟು ಕೂಡಲೇ ನಿಲ್ಲುವುದಿಲ್ಲ. ಅವರ ಚೂರಿ ಕ್ಯಾಬಿನ್ನಿನಲ್ಲಿ ಅಂಗಿಯ ಕಿಸೆಯಲ್ಲಿತ್ತು. ನನಗೂ ಅವರಿಗೂ ನಡುವೆ ಆ ಓಡುವ ಹಗ್ಗ. ಅವರ ಕಾಲು ನನಗೆ ಸಿಗುವಂತಿರಲಿಲ್ಲ, ಕೈ ಸಿಗುತ್ತಿತ್ತು. "ಸಂದೇಶಾ, ಚೂರಿ ಕೊಡಾ" ಎಂದರು. ಕೂಗಲಿಲ್ಲ. ಈರುಳ್ಳಿ ಹೆಚ್ಚಲು ದಿನಾ ಕೇಳುವ ಹಾಗೆಯೇ ಕೇಳಿದರು. ನಾನು ಒರೆಯಿಂದ ತೆಗೆದೆ. ಒಂದೇ ಎಳೆತಕ್ಕೆ ಬಂತು, ನೀನು ಹೇಳಿದಂತೆಯೇ. ಅವರ ಕೈ ನನ್ನ ಕಡೆ ಚಾಚಿತ್ತು. ನಾನು ಚೂರಿಯನ್ನು ಅವರ ಕೈಯ ಪಕ್ಕದ ಹಲಗೆಯ ಮೇಲೆ ಇಟ್ಟೆ.

ಇಟ್ಟೆ ಆಯಿ. ಯೋಚನೆ ಮಾಡಿ ಇಟ್ಟದ್ದಲ್ಲ, ಕೈ ತಾನಾಗಿಯೇ ಇಟ್ಟಿತು. ಅಷ್ಟರಲ್ಲಿ ಬೋಟು ವಾಲಿತು. ಹಲಗೆಯ ತುಂಬ ಮೀನಿನ ಲೋಳೆ. ಚೂರಿ ಜಾರಿ, ನೀರು ಹೋಗುವ ಕಿಂಡಿಯಿಂದ ಆಚೆ ಹೋಯಿತು. ಭಾವ ಅದು ಹೋದದ್ದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆಮೇಲೆ ಕಂಬ ಹಿಡಿದ ಅವರ ಕೈ ಬಿಟ್ಟಿತು. ನಾನು ಹಾರಿದೆ, ನನ್ನನ್ನು ಮೇಲೆ ಎಳೆದರು. ಯಾಕೆ ಎಳೆದರೋ.

ಕೈ ಚಾಚಿದವರ ಕೈಗೆ ಕೊಡಲಿಲ್ಲ. ಇಷ್ಟನ್ನು ಅಕ್ಕನ ಎದುರು ನಿಂತು ಹೇಳಲು ನನ್ನಿಂದಾಗದು. ಹೇಳದೆ ಆ ಮನೆಯಲ್ಲಿ ಉಣ್ಣಲೂ ಆಗದು. ನನಗೆ ಚೂರಿ ಕಳಿಸಬೇಡ.

ಸಂದೇಶ


ಕೇಣಿ
22 ನವೆಂಬರ್ 2025

ನನ್ನ ಮಗನೇ,

ನಿನ್ನ ಕೈ ತಾನಾಗಿಯೇ ಇಡಲಿಲ್ಲ. ನೀನು ನಡೆಯಲು ಕಲಿತಾಗಿನಿಂದ ಹೊಡೆದು ಹೊಡೆದು ಆ ಕೈಗೆ ಕಲಿಸಿದವಳು ನಾನು. ಮನಸ್ಸು ಮುರಿಯಬಾರದು ಎಂದು ಕಲಿಸಿದೆ. ಯಾವಾಗ ಕೆಳಗೆ ಇಡಬಾರದು ಎಂದು ಕಲಿಸಲಿಲ್ಲ. ನನ್ನ ಆಯಿ ನನಗೂ ಕಲಿಸಿರಲಿಲ್ಲ.

ನಿನ್ನ ಕಾಗದವನ್ನು ಪ್ರಗತಿಗೆ ಓದಿ ಹೇಳಿದೆ. ಹೇಳುವುದೋ ಬಿಡುವುದೋ ಎಂದು ಎರಡು ದಿನ ಒದ್ದಾಡಿದೆ. ಒಂದೇ ಸೂರಿನ ಕೆಳಗೆ ಇದನ್ನು ಬಚ್ಚಿಟ್ಟುಕೊಂಡು ಅವಳಿಗೆ ಬಡಿಸಲು ನನ್ನಿಂದಲೂ ಆಗಲಿಲ್ಲ. ಕೊನೆಯ ಸಾಲಿನವರೆಗೂ ಕೇಳಿದಳು. ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಇವತ್ತಿನವರೆಗೆ ನನ್ನೊಡನೆ ಒಂದು ಮಾತೂ ಇಲ್ಲ. ಸಿಟ್ಟು ನನ್ನ ಮೇಲೋ, ನಿನ್ನ ಮೇಲೋ, ಕೇಳುವ ಧೈರ್ಯ ನನಗಿಲ್ಲ.

ಆಚಾರಿಯ ಹತ್ತಿರ ಇನ್ನೊಂದು ಮಾಡಿಸಿದ್ದೇನೆ. ಹಿಡಿಗೆ ಬಳೆ ಹಾಕಿಸಿ, ಗಟ್ಟಿ ನೂಲು ಕಟ್ಟಿದ್ದೇನೆ. ಸೊಂಟಕ್ಕೆ ಬಿಗಿದರೆ ಕೈಬಿಟ್ಟರೂ ತೂಗಾಡುತ್ತದೆ, ಹೋಗುವುದಿಲ್ಲ. ಅಳಿಯ ಇದ್ದಾಗ ಬರದ ಬುದ್ಧಿ ಈಗ ಬಂತು ನನಗೆ. ನೀನು ಬೇಡವೆಂದರೂ ಇದು ಬರುತ್ತದೆ. ತಿರುಗಿ ಕಳಿಸಿದರೆ ಮತ್ತೆ ಬರುತ್ತದೆ. ನಾಗುವಿನ ಕಾಲು ಸೋತರೆ ನಾನೇ ತರುತ್ತೇನೆ. ಈ ಬದುಕಿನಲ್ಲಿ ನಾನು ಕಳಿಸಬಹುದಾದದ್ದು ಇಷ್ಟೇ ಉಳಿದಿದೆ.

ಆಯಿ


ಕೇಣಿ
3 ಡಿಸೆಂಬರ್ 2025

ಸಂದೇಶ,

ನಾನು ಪ್ರಗತಿ. ಆಯಿಗೆ ಹೇಳದೆ ಬರೆಯುತ್ತಿದ್ದೇನೆ.

ನಿನ್ನ ಕಾಗದ ಕೇಳಿದ ದಿನ ನೀನು ಎದುರಿಗಿದ್ದರೆ ಏನು ಮಾಡುತ್ತಿದ್ದೆನೋ. ಚೂರಿ ಕೈತಪ್ಪಿತು ಎಂದಾಗ ನಿನ್ನ ಕೈಯನ್ನು ಶಪಿಸುತ್ತಿದ್ದೆ. ಇಟ್ಟೆ ಎಂದಾಗ ಯಾರನ್ನು ಶಪಿಸಬೇಕೆಂದೇ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಅವರು ಚೂರಿ ಕೇಳಿದರೆ ನಾನೂ ನೆಲದ ಮೇಲೇ ಇಡುತ್ತಿದ್ದೆ. ಜಗಳವಾಗಬಾರದು ಎಂದು. ಆದರೂ ದಿನಾ ಜಗಳವಾಡುತ್ತಿದ್ದೆವು. ಆ ದಿನ ಹಗ್ಗದ ಆಚೆ ನೀನಿದ್ದು, ಚೂರಿ ಅವರ ಸೊಂಟದಲ್ಲಿದ್ದಿದ್ದರೂ ಅವರು ಹಲಗೆಯ ಮೇಲೇ ಇಡುತ್ತಿದ್ದರು. ಇದು ನನಗೆ ಗೊತ್ತು. ಗೊತ್ತಿದ್ದು ಏನೂ ಉಪಯೋಗವಾಗಲಿಲ್ಲ, ಸಿಟ್ಟು ಹೋಗಿಲ್ಲ. ಹೋಗುತ್ತದೆಂದು ಸುಳ್ಳು ಬರೆಯುವುದಿಲ್ಲ.

ತಾಂಡೇಲರಿಗೆ ಫೋನ್ ಮಾಡಿದ್ದೇನೆ. ಸೊಂಟದಲ್ಲಿ ಚೂರಿ ಇಲ್ಲದೆ ನಿನ್ನನ್ನು ಬೋಟು ಹತ್ತಿಸಬಾರದು ಎಂದು ಹೇಳಿದ್ದೇನೆ. ನಿನ್ನೊಬ್ಬನದಲ್ಲ, ಹತ್ತುವ ಪ್ರತಿಯೊಬ್ಬನ ಸೊಂಟ ನೋಡುತ್ತೇನೆ ಎಂದರು. ಯಾರೂ ಯಾರನ್ನೂ ಚೂರಿ ಕೇಳುವ ಹಾಗಿರಬಾರದು. ಇನ್ನು ಮುಂದೆ ಬದುಕುವವರಿಗಾದರೂ ಅದು ಇರಲಿ.

ಮಗು ಒದೆಯಲು ಸುರುಮಾಡಿದೆ. ಅವರ ಕೈ ಹಿಡಿದು ಇಲ್ಲಿ ಮುಟ್ಟಿ ನೋಡಿ ಎನ್ನಲು ಅವರಿಲ್ಲ. ಸುಡಲು ದೇಹವಿಲ್ಲ, ಹಿಡಿದು ಅಳಲು ಏನೂ ಇಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಮದುವೆಯ ದಿನದ ಮುಖವಿದೆ, ಬಾಸಿಂಗ ಕಟ್ಟಿಕೊಂಡದ್ದು. ಅದು ನನಗೆ ಬೇಕಾದ ಮುಖವಲ್ಲ.

ನೀನು ಹಗ್ಗದ ನಡುವೆ ಹೋಗಿ ನಿಲ್ಲುತ್ತೀಯಂತೆ. ಅದಕ್ಕೇ ಬರೆಯುತ್ತಿದ್ದೇನೆ. ಅವರು ಹೋಗುವ ಮೊದಲು ನಿನ್ನನ್ನು ನೋಡಿದರು ಎಂದು ಬರೆದಿದ್ದೀಯ. ಹೇಗೆ ನೋಡಿದರು ಎಂದು ಬರೆದಿಲ್ಲ. ಆ ಮುಖ ಕಂಡವನು ಈ ಲೋಕದಲ್ಲಿ ನೀನೊಬ್ಬನೇ. ನನ್ನ ಗಂಡನದೆಂದು ಉಳಿದದ್ದು ಅಷ್ಟೇ, ಅದು ನಿನ್ನ ಹತ್ತಿರ ಇದೆ. ಅದನ್ನು ತೆಗೆದುಕೊಂಡು ಸಾಯಲು ನಿನಗೆ ಹಕ್ಕಿಲ್ಲ. ಚೂರಿ ಕಟ್ಟಿಕೊಂಡು ಬದುಕಿರು, ಮನೆಗೆ ಬಾ, ನನ್ನ ಎದುರು ಕುಳಿತು ಹೇಳು.

ಪ್ರಗತಿ